ಆರಿಸುವ ಮುನ್ನ

ಇಂದ್ರಮ್ಮ ಎರಡನೆಯ ಹೋಳಿಗೆ ಹಾಕಿ ಮೇಲೆ ತುಪ್ಪ ಬಿಟ್ಟದ್ದು ರೇಣುಕಯ್ಯನಿಗೆ ಗೊತ್ತಾಗಲಿಲ್ಲ. ಎಲೆಯ ಕಡೆಗೇ ನೋಡುತ್ತಿದ್ದರೂ ಅವನ ಕಣ್ಣ ಮುಂದಿದ್ದದ್ದು ಸಾಸಿವೆಯಷ್ಟು ದೊಡ್ಡ ಒಂದು ಕೆಂಪು ದೀಪ. ಆಫೀಸಿನಲ್ಲಿ ಟೆಲಿಫೋನ್ ತಂತಿಗೂ ಕಂಪ್ಯೂಟರಿಗೂ ನಡುವೆ ಕೂತಿರುವ ಮೋಡೆಮ್ ಎಂಬ ಪೆಟ್ಟಿಗೆಯ ದೀಪ ಅದು. ಸುಮ್ಮನೆ ಉರಿಯುತ್ತಿದ್ದರೆ ತಂತಿ ಸರಿಯಾಗಿದೆ ಎಂದರ್ಥ, ಮಿಣುಕಿದರೆ ಆ ತುದಿಯಿಂದ ಯಾರೋ ಮಾತಾಡುತ್ತಿದ್ದಾರೆ ಎಂದರ್ಥ. ಬೆಳಿಗ್ಗೆ ಆಯುಧಪೂಜೆಯ ಮಂಗಳಾರತಿ ಎತ್ತುವಾಗ ಪಾವಗಡದ ತಂತಿಯ ದೀಪ ಮಿಣುಕುತ್ತಿತ್ತು. ರೇಣುಕಯ್ಯ ಅದನ್ನು ನೋಡಿದ. ನೋಡಿಯೂ ಮೆಷಿನ್ನಿನ ಸ್ವಿಚ್ಚು ಆರಿಸಿದ. ಹೊಗೆಯಲ್ಲಿ ಕಾಣಲಿಲ್ಲ, ಗಂಟೆಯ ಗದ್ದಲದಲ್ಲಿ ಗಮನ ಹೋಗಲಿಲ್ಲ ಎಂದು ಅಂದಿನಿಂದ, ಅಂದರೆ ಬೆಳಿಗ್ಗೆಯಿಂದ, ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಆದರೆ ಹೇಳುವವನೂ ಕೇಳುವವನೂ ಒಬ್ಬನೇ ಆದಾಗ ಸುಳ್ಳು ನಡೆಯುವುದು ಕಷ್ಟ. ಹೂರಣಕ್ಕೆ ಬೆಲ್ಲ ಕಡಿಮೆ ಆಯಿತೇ ಎಂದು ಇಂದ್ರಮ್ಮ ಕೇಳಿದಳು. ಸರಿಯಾಗಿದೆ ಎಂದ. ಹಾಗಾದರೆ ಯಾಕೆ ಅದನ್ನು ಚೂರು ಚೂರು ಮಾಡಿ ಎಲೆಯ ಅಂಚಿಗೆ ತಳ್ಳುತ್ತಿದ್ದೀರಿ ಎಂದಳು. ನೋಡಿದರೆ ನಿಜವಾಗಿಯೂ ತಳ್ಳಿದ್ದ.

ಕುರಿ ಸಾಕುವವರ ಸಹಕಾರ ಒಕ್ಕೂಟಕ್ಕೆ ಮಧುಗಿರಿಯಲ್ಲಿ ದೊಡ್ಡ ಆಫೀಸು. ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಕೇಂದ್ರ. ಎಂಬತ್ತೇಳರಲ್ಲಿ ಯಾವುದೋ ಯೋಜನೆಯ ಕೃಪೆಯಿಂದ ನಾಲ್ಕು ಕಡೆಗೂ ಒಂದೊಂದು ಕಂಪ್ಯೂಟರು ಬಂದು, ಅವುಗಳ ನಡುವೆ ಬಾಡಿಗೆಯ ಟೆಲಿಫೋನ್ ತಂತಿ ಹಾಕಿಸಿ, ಅಲ್ಲಿಯವರೆಗೆ ಟೈಪಿಸ್ಟನಾಗಿದ್ದ ರೇಣುಕಯ್ಯನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿ ಆಪರೇಟರ್ ಮಾಡಿದ್ದರು. ಇವತ್ತು ಬೆಳಿಗ್ಗೆ, ಆಫೀಸಿನ ಬಾಗಿಲಿಗೆ ಬಾಳೆಕಂದು ಕಟ್ಟುತ್ತಿದ್ದ ಹೊತ್ತಿಗೆ, ಪಾವಗಡ ಕೇಂದ್ರದ ಕ್ಯಾತಣ್ಣನ ಟ್ರಂಕ್ ಕಾಲ್ ಬಂತು. ಫೋನಿನಲ್ಲಿ ಗಾಳಿ ಬೀಸಿದ ಸದ್ದೇ ಹೆಚ್ಚು. "ಕರುಳುಬೇನೆ ಬಿದ್ದೈತೆ ಅಯ್ನೋರೆ. ಸಂಜೆ ಮೇವು ತಿಂದು ಮಲಗಿದ್ ಕುರಿ ಬೆಳಿಗ್ಗೆ ಕಾಲು ಚಾಚ್ಕಂಡು ಸತ್ತಿರ್ತಾವೆ. ಯಾವ್ ಹಟ್ಟಿಗೆ ಮೊದಲು ಬರ್ಬೇಕು, ಎಷ್ಟು ಮದ್ದು ಬೇಕು, ಎಲ್ಲಾ ಮಿಷನ್ನಾಗೆ ಬರ್ದು ಕಳಿಸ್ತೀನಿ" ಎಂಬಷ್ಟು ಕೇಳಿಸಿ ಲೈನು ಸತ್ತಿತು. ಸೂಜಿಮದ್ದು ಇದ್ದದ್ದು ಒಂದೇ ಪೆಟ್ಟಿಗೆ, ಐಸಿನಲ್ಲಿಟ್ಟದ್ದು. ಅದನ್ನು ಶಿರಾ ದಾರಿಯ ಬುಕ್ಕಾಪಟ್ಟಣದ ಕಡೆಗೆ ಒಯ್ಯುವುದೆಂದು ಮೊದಲೇ ತೀರ್ಮಾನವಾಗಿತ್ತು. ಅಲ್ಲಿ ಕಾಯಿಲೆ ಏನೂ ಇಲ್ಲ, ವರ್ಷವರ್ಷದ ಸೂಜಿ ಅಷ್ಟೆ. ನಾಳೆ ವಿಜಯದಶಮಿ, ಬೆಳಕು ಹರಿಯುತ್ತಲೇ ಡ್ರೈವರ್ ದಾಸಣ್ಣ ಜೀಪು ತೆಗೆಯುತ್ತಾನೆ. ಅಷ್ಟರೊಳಗೆ ಪಾವಗಡದ ಹಟ್ಟಿಯ ಹೆಸರು ಸಿಕ್ಕದಿದ್ದರೆ ಮದ್ದು ಶಿರಾ ದಾರಿ ಹಿಡಿಯುತ್ತದೆ. ಆ ಹೆಸರು ತಂತಿಯಲ್ಲಿ ಬರುತ್ತಿದ್ದಾಗಲೇ ರೇಣುಕಯ್ಯ ತಂತಿಯ ಈ ತುದಿಯನ್ನು ಕೊಂದಿದ್ದ.

ಹಾಗೆ ನೋಡಿದರೆ ಪೂಜೆ ಮಾಡಬೇಕಾದವನು ಅವನೇ ಆಗಿರಲಿಲ್ಲ. ಆಫೀಸಿನಲ್ಲಿ ಅವನು ಆಪರೇಟರು. ಆದರೂ ಆಯುಧಪೂಜೆ ಬಂತೆಂದರೆ, ಹೊಸ ಕುರ್ಚಿ ಬಂತೆಂದರೆ, ಜೀಪಿಗೆ ಟಯರು ಬದಲಾಯಿಸಿದರೆ ಸಹ, ಎಲ್ಲರಿಗೂ ಅವನು ಜಂಗಮರ ಮನೆಯವನೆಂಬುದು ನೆನಪಾಗುತ್ತದೆ. ಅಯ್ನೋರೇ ಇರುವಾಗ ಹೊರಗಿನವರು ಯಾಕೆ ಎನ್ನುತ್ತಾರೆ. ಒಮ್ಮೆಯಾದರೂ ಆಗುವುದಿಲ್ಲ ಎನ್ನಬೇಕೆಂದು ಹಿಂದಿನ ದಿನ ಸಂಜೆಯೇ ಬಾಯಿಪಾಠ ಮಾಡಿಕೊಂಡು ಹೋಗಿರುತ್ತಾನೆ, ಅಲ್ಲಿ ಹೋದಮೇಲೆ ಮಡಿಪಂಚೆ ಉಟ್ಟಿರುತ್ತಾನೆ. ಇವತ್ತೂ ಹಾಗೆಯೇ. ಬೀರು, ತಕ್ಕಡಿ, ಉಣ್ಣೆ ಕತ್ತರಿಸುವ ಕತ್ತರಿಗಳು, ಜೀಪು ಎಲ್ಲಕ್ಕೂ ವಿಭೂತಿ ಹಚ್ಚಿ, ಹೂ ಏರಿಸಿ ಕಡೆಗೆ ಕಂಪ್ಯೂಟರಿನ ಕೋಣೆಗೆ ಬಂದಾಗ ಹಿಂದೆ ಅಧ್ಯಕ್ಷರಾದ ಕಾಡಸಿದ್ದಪ್ಪನವರು, ಅವರ ಹಿಂದೆ ಇಡೀ ಆಫೀಸು. ಕಾಡಸಿದ್ದಪ್ಪನವರದು ಮೂರು ತಲೆಮಾರಿನ ಉಣ್ಣೆ ವ್ಯಾಪಾರ, ದೊಡ್ಡ ಧ್ವನಿ. ಗುಟ್ಟು ಹೇಳಿದರೂ ಬೀದಿಗೆ ಕೇಳಿಸುತ್ತದೆ. ಮೆಷಿನ್ನಿನ ಫ್ಯಾನು ಗುಂಯ್ ಎನ್ನುತ್ತಿದ್ದುದನ್ನು ಕೇಳಿ ಅವರು, ಕತ್ತರಿಗೂ ಇವತ್ತು ವಿಶ್ರಾಂತಿ ಕೊಟ್ಟಿದ್ದೇವೆ, ಇದೊಂದನ್ನು ಯಾಕೆ ದುಡಿಸುತ್ತಿದ್ದೀರಿ, ಆರಿಸಿ ಎಂದರು. ಕರ್ಪೂರ ಉರಿಯುತ್ತಿತ್ತು. ಎಲ್ಲರೂ ಕೈ ಮುಗಿದು ನಿಂತಿದ್ದರು. ಆಗ ದೀಪ ಮಿಣುಕಿತು.

ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಈ ಮೆಷಿನ್ನನ್ನು ಫ್ಯಾನಿನ ಹಾಗೆ ಟಕ್ಕೆಂದು ಆರಿಸುವಂತಿಲ್ಲ. ಮೊದಲು ಒಳಗೆ ಇರುವವರಿಗೆಲ್ಲ ಆರಿಸುತ್ತಿದ್ದೇನೆ, ಕೆಲಸ ಮುಗಿಸಿಕೊಳ್ಳಿ ಎಂದು ತಿಳಿಸಬೇಕು. ತಂತಿಯಲ್ಲಿ ಮಾತಾಡುತ್ತಿರುವವರು ಮಾತು ಮುಗಿಸಬೇಕು. ಕೈಯಲ್ಲಿ ಹಿಡಿದುಕೊಂಡದ್ದನ್ನೆಲ್ಲ ಮೆಷಿನ್ನು ಡಿಸ್ಕಿಗೆ ಇಳಿಸಬೇಕು. ಇನ್ನು ಆರಿಸಬಹುದು ಎಂದು ಅದೇ ಪರದೆಯ ಮೇಲೆ ಹೇಳುತ್ತದೆ, ಆಮೇಲೆ ಸ್ವಿಚ್ಚು. ಇಷ್ಟಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಡ. ತಾಳಿ ಎಂದಿದ್ದರೆ ಸಾಕಿತ್ತು. ಆದರೆ ಕೈಯಲ್ಲಿ ಉರಿಯುವ ತಟ್ಟೆ ಹಿಡಿದು, ಅಷ್ಟು ಜನರ ಮುಂದೆ, ಅಧ್ಯಕ್ಷರಿಗೆ ತಾಳಿ ಎನ್ನುವುದು. ಯಾಕೆ ಎಂದು ಅವರು ಕೇಳುವುದು. ಒಳಗೆ ಯಾರೋ ಮಾತಾಡುತ್ತಿದ್ದಾರೆ ಎಂದು ತಾನು ಹೇಳುವುದು. ಹಿಂದೆ ಯಾರೋ ಕಿಸಕ್ಕೆಂದು ನಗುವುದು. ಇಷ್ಟೂ ಒಂದು ಗಳಿಗೆಯಲ್ಲಿ ರೇಣುಕಯ್ಯನ ಮನಸ್ಸಿನಲ್ಲಿ ನಡೆದುಹೋಯಿತು. ಬಲಗೈಯಲ್ಲಿ ಆರತಿ ಇತ್ತು, ಎಡಗೈ ತಾನಾಗಿ ಹಿಂದಕ್ಕೆ ಹೋಗಿ ಸ್ವಿಚ್ಚು ಒತ್ತಿತು. ಫ್ಯಾನು ನಿಂತಿತು. ಕಾಡಸಿದ್ದಪ್ಪನವರು ಕಣ್ಣು ಮುಚ್ಚಿ ಸಂತೋಷಪಟ್ಟರು. ಹೊರಗೆ ದಾಸಣ್ಣ ಬೂದುಗುಂಬಳ ಒಡೆದ ಸದ್ದು ಕೇಳಿಸಿತು.

"ಅಷ್ಟು ಮನಸ್ಸು ಅಲ್ಲೇ ಇದ್ರೆ ಎದ್ದು ಹೋಗಿ ನೋಡ್ಕೊಂಡು ಬನ್ನಿ, ಇಲ್ಲಿ ಕೂತು ಹೋಳಿಗೆ ಯಾಕೆ ಹಿಂಸೆ ಮಾಡ್ತೀರ" ಎಂದಳು ಇಂದ್ರಮ್ಮ. ಮನಸ್ಸು ಎಲ್ಲಿದೆ ಎಂದು ಅವನು ಹೇಳಿರಲೇ ಇಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೇಳುವುದು ಬಿಡುವುದು ಅವಳಿಗೆ ಒಂದೇ. ಅವನು ಕೈ ತೊಳೆದು, ಗೂಟದಲ್ಲಿದ್ದ ಆಫೀಸಿನ ಬೀಗದ ಕೈ ತೆಗೆದುಕೊಂಡು ಹೊರಟ.

ಬೀದಿಯಲ್ಲಿ ಹಬ್ಬದ ಮಧ್ಯಾಹ್ನದ ನಿದ್ದೆ. ಸೈಕಲ್ಲುಗಳು, ಹೊಲಿಗೆ ಮೆಷಿನ್ನುಗಳು, ಹಿಟ್ಟಿನ ಗಿರಣಿ ಎಲ್ಲವೂ ಹೂ ಮುಡಿದು ಸುಮ್ಮನೆ ಕೂತಿದ್ದವು. ಬೆಟ್ಟದ ಬಂಡೆಯ ಕಾವು ಊರಿನ ಮೇಲೆ ಇಳಿಯುತ್ತಿತ್ತು. ಗಿರಣಿಯ ಜಗುಲಿಯ ಮೇಲೆ ಮಲಗಿದ್ದವನೊಬ್ಬ ಕಣ್ಣು ತೆರೆಯದೆಯೇ ಎಲ್ಲಿಗೆ ಅಯ್ನೋರೆ ಎಂದ. ಸುಮ್ಮನೆ, ಗಾಳಿಗೆ ಎಂದ ರೇಣುಕಯ್ಯ. ಎಲೆಯೂ ಅಲ್ಲಾಡುತ್ತಿರಲಿಲ್ಲ. ಒಕ್ಕೂಟದ ಕೆಲಸ ಅವನಿಗೆ ಎಷ್ಟು ಇಷ್ಟವೆಂಬುದು ಅವನಿಗೇ ಇವತ್ತಿನವರೆಗೆ ಗೊತ್ತಿರಲಿಲ್ಲ. ತರಬೇತಿಯಲ್ಲಿ ಮೇಡಂ ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಡುವ ಹಾಗೆ ಮೆಷಿನ್ನಿನೊಳಗಿನ ಪ್ರೋಗ್ರಾಮುಗಳ ಹೆಸರು ಹೇಳಿದ್ದರು. ಗೆಟ್ಟಿ ಎಂಬವನು ತಂತಿಯ ಬಾಗಿಲಲ್ಲಿ ಕೂತು ಬಂದವರನ್ನು ಯಾರು ಎಂದು ಕೇಳುತ್ತಾನೆ. ಕ್ರಾನ್ ಎಂಬವನು ಗಡಿಯಾರ ನೋಡಿಕೊಂಡು ಹೊತ್ತು ಹೊತ್ತಿಗೆ ಉಳಿದವರನ್ನು ಎಬ್ಬಿಸುತ್ತಾನೆ. ಯುಯುಸಿಪಿ ಎಂಬವನು ಒಂದೂರಿನ ಸುದ್ದಿಯನ್ನು ಇನ್ನೊಂದೂರಿಗೆ ಹೊತ್ತು ಹಾಕುತ್ತಾನೆ. ಕಣ್ಣಿಗೆ ಕಾಣದೆ ಹಿಂದೆ ನಿಂತು ದುಡಿಯುವ ಇಂಥವರಿಗೆಲ್ಲ ಡೀಮನ್, ಅಂದರೆ ದೆವ್ವ, ಎನ್ನುತ್ತಾರೆ ಎಂದಾಗ, ಪಕ್ಕದಲ್ಲಿ ಕೂತಿದ್ದ ಕ್ಯಾತಣ್ಣ ನಮ್ಮ ಹಟ್ಟಿಯಲ್ಲಿ ಬೇಕಾದಷ್ಟಿವೆ ಮೇಡಂ ಎಂದು ಇಡೀ ತರಗತಿಯನ್ನು ನಗಿಸಿದ್ದ. ರೇಣುಕಯ್ಯ ನಗಲಿಲ್ಲ. ಅವನ ಅಪ್ಪ ಬಡವನಹಳ್ಳಿಯ ಕಡೆ ವಿಭೂತಿ ಮಂತ್ರಿಸಿ ಕೊಟ್ಟು ಗಾಳಿ ಬಿಡಿಸುತ್ತಿದ್ದವನು. ಮಗ ಗಾಳಿಗಳನ್ನು ಸಂಬಳಕ್ಕೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಾನೆ ಎಂದರೆ ಅಪ್ಪ ಏನು ಹೇಳುತ್ತಿದ್ದನೋ ಎಂದು ಯೋಚಿಸುತ್ತಿದ್ದ.

ಆಫೀಸಿನ ಮುಂದೆ ಒಡೆದ ಕುಂಬಳದ ಹೋಳುಗಳಿಗೆ ನೊಣ ಮುತ್ತಿದ್ದವು. ಒಳಗೆ ಹೋಗಿ ಮೊದಲು ಪಾವಗಡಕ್ಕೆ ಕಾಲ್ ಬುಕ್ ಮಾಡಿದ. ಬಹಳ ಹೊತ್ತಿನ ಮೇಲೆ ಎಕ್ಸ್‌ಚೇಂಜಿನಾಕೆ ನಿದ್ದೆಗಣ್ಣಿನ ದನಿಯಲ್ಲಿ, ಆ ಕಡೆ ಬೆಲ್ ಹೊಡೆಯುತ್ತಾ ಇದೆ, ಎತ್ತುವವರಿಲ್ಲ ಎಂದಳು. ಎತ್ತುವವರು ಎಲ್ಲಿಂದ ಬರಬೇಕು. ಕೇಂದ್ರಕ್ಕೆ ಮಧ್ಯಾಹ್ನದಿಂದ ರಜೆ, ಕ್ಯಾತಣ್ಣ ಹಟ್ಟಿಗೆ ಹೋಗಿರುತ್ತಾನೆ, ಹಟ್ಟಿಯಲ್ಲಿ ಫೋನಿಲ್ಲ. ಇನ್ನು ಮೆಷಿನ್ನು. ರೇಣುಕಯ್ಯ ಕುರ್ಚಿಯಲ್ಲಿ ಕೂತು ಅದನ್ನು ನೋಡಿದ. ಪರದೆಯ ಮೇಲೆ ತಾನೇ ಎಳೆದ ಮೂರು ಗೆರೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಕೀಲಿಗಳ ಸಂದಿಯಲ್ಲಿ ಎಸಳು. ವಿಶ್ರಾಂತಿಗೆ ಇಟ್ಟ ಆಯುಧವನ್ನು ದಶಮಿಯ ಪೂಜೆಯಾಗುವ ಮೊದಲು ಮುಟ್ಟಬಾರದು. ಇದನ್ನು ನಂಬುತ್ತೇನೆಯೇ ಎಂದು ಕೇಳಿಕೊಂಡರೆ ಇಲ್ಲ ಎನ್ನಲೂ ಬಾಯಿ ಬರಲಿಲ್ಲ, ಹೌದು ಎನ್ನಲೂ ಬರಲಿಲ್ಲ. ಮುಟ್ಟಿದ್ದು ಗೊತ್ತಾದರೆ ಏಳುವ ಕಾಡಸಿದ್ದಪ್ಪನವರ ಗಂಟಲು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅಷ್ಟಾಗಿ ಮುಟ್ಟಿ ಪ್ರಯೋಜನವಾದರೂ ಏನು? ನಿನ್ನೆ ಸಂಜೆ ಮೂರೂ ಕೇಂದ್ರಗಳಿಗೆ ಅಧ್ಯಕ್ಷರ ಅಪ್ಪಣೆಯನ್ನು ಟೈಪು ಮಾಡಿ ಕಳಿಸಿದವನು ತಾನೇ: ಪೂಜೆ ಮಾಡಿ, ಮೆಷಿನ್ನು ಆರಿಸಿ, ದಶಮಿಯವರೆಗೆ ವಿಶ್ರಾಂತಿ ಕೊಡಿ ಎಂದು. ಪಾವಗಡದ ಮೆಷಿನ್ನೂ ಈಗ ಹೂ ಮುಡಿದು ಮಲಗಿರುತ್ತದೆ. ಇನ್ನು ಉಳಿದದ್ದು, ಬೆಳಿಗ್ಗೆ ಸ್ವಿಚ್ಚು ಆರಿಸುವ ಮುಂಚೆ ಎಷ್ಟು ಬಂದಿತ್ತೋ ಅಷ್ಟು. ಅಷ್ಟರಲ್ಲಿ ಹಟ್ಟಿಯ ಹೆಸರು ಬಂದಿರಬಹುದು. ಅವನು ಮಾಲೆಯನ್ನು ತೆಗೆಯದೆ, ಕಣ್ಣಿಗೊತ್ತಿಕೊಂಡು, ಸ್ವಿಚ್ಚು ಹಾಕಿದ.

ಮೆಷಿನ್ನು ಎಚ್ಚರಾಗುತ್ತಲೇ ತಕರಾರು ತೆಗೆಯಿತು. ತನ್ನನ್ನು ಸರಿಯಾಗಿ ಮಲಗಿಸಿಲ್ಲ, ಒಳಗಿನ ಸಾಮಾನೆಲ್ಲ ಚೆಲ್ಲಾಪಿಲ್ಲಿಯಾಗಿದೆ ಎಂದಿತು. ಒಂದೊಂದನ್ನೇ ತೋರಿಸಿ ಇದನ್ನು ಸರಿಪಡಿಸಲೇ, ಇದನ್ನು ಜೋಡಿಸಲೇ ಎಂದು ಇಂಗ್ಲಿಷಿನಲ್ಲಿ ಕೇಳತೊಡಗಿತು. ರೇಣುಕಯ್ಯ ಎಲ್ಲಕ್ಕೂ ಹೌದು ಎಂದು ಒತ್ತಿದ. ಕೇಳಿದ್ದಕ್ಕೆಲ್ಲ ಹೌದು ಎನ್ನುವುದು ಅವನಿಗೆ ಹೊಸದೇನಲ್ಲ. ಹೀಗೆ ದಿಕ್ಕು ತಪ್ಪಿದ ತುಂಡುಗಳಿಗೆ ಮೆಷಿನ್ನು ಹೆಸರಿನ ಬದಲು ನಂಬರು ಕೊಟ್ಟು ಲಾಸ್ಟ್ ಅಂಡ್ ಫೌಂಡ್ ಎಂಬ ಒಂದು ಮೂಲೆಗೆ ಹಾಕುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋದ ಗಂಟುಗಳನ್ನು ಕಂಟ್ರೋಲರ್ ಎತ್ತಿಡುವ ಹಾಗೆ. ಆ ಮೂಲೆಯಲ್ಲಿ ಒಂದು ತುಂಡು ಇತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕ್ಯಾತಣ್ಣನ ಕನ್ನಡ. ನಮಸ್ಕಾರ, ಪಾವಗಡ ಕೇಂದ್ರದಿಂದ ಕ್ಯಾತಣ್ಣ ಎಂದಿತ್ತು. ಕರುಳುಬೇನೆ ಜಾಸ್ತಿಯಾಗಿದೆ ಎಂದಿತ್ತು. ನಾಳೆ ಜೀಪು ತಪ್ಪದೆ ಬರಬೇಕು, ಮೊದಲು ಹೋಗಬೇಕಾದ ಹಟ್ಟಿ ಎಂದಿತ್ತು. ಅಲ್ಲಿಗೆ ನಿಂತಿತ್ತು. ರೇಣುಕಯ್ಯ ಮತ್ತೊಂದು ಸಲ ಓದಿದ, ಓದಿದರೆ ಮುಂದಕ್ಕೆ ಬೆಳೆಯುತ್ತದೇನೋ ಎಂಬಂತೆ. ಕರ್ಪೂರ ಇನ್ನೊಂದು ಗಳಿಗೆ ತಡವಾಗಿ ಹೊತ್ತಿದ್ದರೆ, ಮಂಗಳಾರತಿಯ ಪದ ಇನ್ನೊಂದು ನುಡಿ ಉದ್ದವಿದ್ದರೆ, ಆ ಹೆಸರು ಇಲ್ಲಿರುತ್ತಿತ್ತು. ಅವನಿಗೆ ಅಳು ಬಂತು. ಅಳುವುದಕ್ಕೆ ಇದೇನು ಮನೆಯಲ್ಲಿ ಸಾವಾಗಿದೆಯೇ ಎಂದುಕೊಂಡರೆ, ಹೌದು, ಯಾರದೋ ಮನೆಯಲ್ಲಿ ಆಗುತ್ತಿದೆ, ಕುರಿಯೊಂದು ಸತ್ತರೆ ಹಟ್ಟಿಯ ಹೆಂಗಸರು ಹೆಸರು ಹಿಡಿದು ಅಳುವುದನ್ನು ತಾನು ನೋಡಿಲ್ಲವೇ ಅನ್ನಿಸಿತು.

ಮೂರು ಮೋಡೆಮ್ ಪೆಟ್ಟಿಗೆಗಳಲ್ಲಿ ಶಿರಾದ್ದು, ಕೊರಟಗೆರೆಯದು ಕತ್ತಲೆ. ಅಪ್ಪಣೆ ಪಾಲಿಸಿದ್ದಾರೆ. ಪಾವಗಡದ್ದು ಮಾತ್ರ ಉರಿಯುತ್ತಿತ್ತು, ಆದರೆ ಮಿಣುಕುತ್ತಿರಲಿಲ್ಲ. ಕ್ಯಾತಣ್ಣ ಮೆಷಿನ್ನು ಆರಿಸಿ ಅಲ್ಲಿಯ ಪೆಟ್ಟಿಗೆ ಆರಿಸುವುದನ್ನು ಮರೆತಿರಬೇಕು. ಇಲ್ಲಿಂದ ಕರೆದು ನೋಡೋಣವೆಂದರೆ ಹಾಗೆ ಕರೆಯುವಂತಿಲ್ಲ. ಕೇಂದ್ರಗಳು ಮಧುಗಿರಿಯನ್ನು ಕರೆಯಬೇಕು, ಮಧುಗಿರಿ ಯಾರನ್ನೂ ಕರೆಯುವುದಿಲ್ಲ ಎಂದೇ ಏರ್ಪಾಟು ಮಾಡಿಕೊಟ್ಟಿದ್ದರು. ದೊಡ್ಡ ಆಫೀಸು ತಾನಾಗಿ ಹೋಗಿ ಕೂಗುವುದೇ ಎಂದು ಆಗ ಕಾಡಸಿದ್ದಪ್ಪನವರೂ ಒಪ್ಪಿದ್ದರು. ಕರೆದವರು ತಮ್ಮದನ್ನು ಕೊಟ್ಟು, ಇವರದೇನಾದರೂ ಇದ್ದರೆ ತೆಗೆದುಕೊಂಡು ಹೋಗುತ್ತಾರೆ. ರೇಣುಕಯ್ಯ ಕೆಂಪು ದೀಪವನ್ನು ನೋಡುತ್ತಾ ಕೂತ. ಕೂಗುವುದು ಎಂದರೆ ಬಡವನಹಳ್ಳಿಯ ಬೀದಿ. ಅಪ್ಪನ ಹಿಂದೆ ಜೋಳಿಗೆ ಹಾಕಿಕೊಂಡು ಭಿಕ್ಷಕ್ಕೆ ಹೋಗುವುದು, ಒಂದು ಸಾಲು ಅಪ್ಪನಿಗೆ, ಎದುರು ಸಾಲು ಇವನಿಗೆ. ಹೊಸಿಲ ಮುಂದೆ ನಿಂತು ಒಮ್ಮೆ ಕೂಗುತ್ತಿದ್ದ. ಒಳಗಿನಿಂದ ತಾಳಪ್ಪ ಎನ್ನುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಒಳಗೆ ತಟ್ಟೆಗಳ ಸದ್ದು, ಮಕ್ಕಳ ಜಗಳ, ಒಗ್ಗರಣೆಯ ವಾಸನೆ. ಇನ್ನೊಂದು ಸಲ ಕೂಗಿದರೆ ಖಂಡಿತ ಬರುತ್ತಿದ್ದರು, ಕೆಟ್ಟವರೇನೂ ಅಲ್ಲ. ಇವನಿಗೆ ಇನ್ನೊಂದು ಸಲ ಕೂಗಲು ಆಗುತ್ತಿರಲಿಲ್ಲ. ಎದುರು ಮನೆಯ ಹೊಸಿಲಿಂದ ಅಪ್ಪ, ಕೂಗೋ, ಕೇಳಿಸಿರೋದಿಲ್ಲ ಕೂಗೋ ಎನ್ನುತ್ತಿದ್ದ. ಇವನ ಸಾಲಿನ ಒಂದು ಮನೆಯಲ್ಲಿ ಇವನ ತರಗತಿಯ ಹುಡುಗಿಯೊಬ್ಬಳಿದ್ದಳು. ಒಂದು ದಿನ ಅವಳೇ ಹೊರಗೆ ಬಂದು ಇವನನ್ನು ನೋಡಿ, ಏನೂ ಹೇಳದೆ ಒಳಗೆ ಹೋಗಿ, ಮೊರ ತುಂಬ ರಾಗಿ ತಂದು ಸುರಿದಳು. ಕೊಡದಿದ್ದರೆ ಮರೆತುಬಿಡುತ್ತಿದ್ದನೇನೋ, ಅಷ್ಟೊಂದು ಕೊಟ್ಟದ್ದನ್ನು ಮರೆಯಲಾಗಲಿಲ್ಲ. ಆಮೇಲೆ ಅವನು ಖಾಲಿ ಜೋಳಿಗೆಯಲ್ಲಿ ಮನೆಗೆ ಬಂದು ಬೈಸಿಕೊಳ್ಳುವುದನ್ನು ಕಲಿತ. ಟೈಪಿಂಗ್ ಕಲಿತದ್ದೂ ಅದಕ್ಕೇ. ಟೈಪು ಮಾಡುವವನು ಬಾಯಿ ಬಿಡಬೇಕಾಗಿಲ್ಲ.

ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಹೊರಗೆ ಯಾರೋ ಬನ್ನಿಸೊಪ್ಪಿನ ಮಾತಾಡಿಕೊಂಡು ಹೋದರು. ಇನ್ನು ಆರಿಸಿ ಮನೆಗೆ ಹೋಗಬಹುದು, ಮೆಷಿನ್ನನ್ನು ಮುಟ್ಟಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಬೆಳಿಗ್ಗೆ ಜೀಪು ಬುಕ್ಕಾಪಟ್ಟಣಕ್ಕೆ ಹೋಗುತ್ತದೆ, ಪಾವಗಡದ ಸುದ್ದಿ ಬರಲೇ ಇಲ್ಲ ಎಂದರಾಯಿತು, ತಂತಿಯನ್ನು ಬೈದರಾಯಿತು. ಟೆಲಿಫೋನ್ ತಂತಿಯ ಮೇಲೆ ಏನು ಹೊರಿಸಿದರೂ ಜನ ನಂಬುತ್ತಾರೆ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ರೇಣುಕಯ್ಯನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕೈ ಕೀಲಿಗಳ ಮೇಲೆ ಹೋಗಿತ್ತು. ಹೋದದ್ದು ಈ ಸಲವಾದರೂ ಸರಿಯಾಗಿ ಮಲಗಿಸೋಣವೆಂದು. ಆರಿಸುತ್ತಿದ್ದೇನೆ, ಕೆಲಸ ಮುಗಿಸಿಕೊಳ್ಳಿ ಎಂದು ಯಾರೂ ಇಲ್ಲದ ಮೆಷಿನ್ನಿಗೆ ತಿಳಿಸಲು ಹೊರಟಾಗ ಪಾವಗಡದ ದೀಪ ಮಿಣುಕಿತು.

ಒಮ್ಮೆ ಮಿಣುಕಿ ನಿಂತಿತು. ತಂತಿಯಲ್ಲಿ ಸಿಡಿಲು ಗುಡುಗಿನ ಗದ್ದಲವಿದ್ದರೂ ಹಾಗೆ ಆಗುವುದುಂಟು, ಆದರೆ ಆಕಾಶ ಬೋಳಾಗಿತ್ತು. ಮತ್ತೆ ಮಿಣುಕಿತು. ಬಾಗಿಲಲ್ಲಿ ಕೂತ ಗೆಟ್ಟಿ ಯಾರು ಎಂದು ಕೇಳಿರಬೇಕು. ಪಾವಗಡ ಎಂದಿರಬೇಕು. ಆಮೇಲೆ ದೀಪ ನಿಲ್ಲಲೇ ಇಲ್ಲ. ರೇಣುಕಯ್ಯ ಉಸಿರು ಬಿಟ್ಟರೆ ಎಲ್ಲಿ ಕೆಡುತ್ತದೋ ಎಂದು ಹಾಗೆಯೇ ಹಿಡಿದುಕೊಂಡ. ಪಾವಗಡದಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇಲ್ಲ. ಈಗ ಹೋಗಬೇಡ, ಇದೊಂದು ಬರಲಿ, ಆಮೇಲೆ ಬೇಕಾದರೆ ವಾರ ಪೂರ್ತಿ ಹೋಗು ಎಂದು ಕರೆಂಟನ್ನು ಬೇಡಿಕೊಂಡ. ದೀಪ ನೆಟ್ಟಗಾಯಿತು. ಪರದೆಯ ಮೇಲೆ, ನಿಮಗೆ ಮೇಲ್ ಬಂದಿದೆ ಎಂಬ ಸಾಲು ವಿಭೂತಿಯ ಗೆರೆಯ ಹಿಂದಿನಿಂದ ಕಾಣಿಸಿತು. ಅವನು ಅಂಗೈಯಿಂದ ವಿಭೂತಿ ಒರೆಸಿ ಓದಿದ.

ಬಂದದ್ದು ಎರಡು. ಒಂದು ಬೆಳಿಗ್ಗೆಯದು, ಮೊದಲಿಂದ ಕೊನೆಯವರೆಗೆ ಪೂರ್ತಿ. ಮೊದಲು ಹೋಗಬೇಕಾದ ಹಟ್ಟಿ ಬೋರಪ್ಪನಹಟ್ಟಿ, ಆಮೇಲೆ ಅದರ ಕೆಳಗಿನ ಎರಡು ಹಟ್ಟಿ, ಮದ್ದು ಇಷ್ಟು ಬೇಕು, ಹಳ್ಳ ದಾಟುವ ಕಡೆ ಆಳು ನಿಲ್ಲಿಸಿರುತ್ತೇನೆ. ಇನ್ನೊಂದು ಮಧ್ಯಾಹ್ನ ಬರೆದದ್ದು. "ಅಯ್ನೋರೆ, ನಿಮ್ಮ ಮಿಷನ್ ಬೆಳಿಗ್ಗೆಯಿಂದ ಓ ಅನ್ತಿಲ್ಲ. ನಂಗೆ ಸೂತಕ. ತಮ್ಮನ ಹೆಂಡ್ರು ಹೆತ್ತವ್ಳೆ, ಹೆಣ್ಣು ಮಗ. ಅದ್ಕೆ ಇಲ್ಲಿ ಪೂಜೆ ಮಾಡಿಲ್ಲ, ಪೂಜೆ ಮಾಡ್ದೆ ಆರಿಸೋದೆಂಗೆ, ಅಂಗೇ ಉರೀಲಿ ಅಂತ ಬುಟ್ಟಿದೀನಿ. ನಾನು ಹಟ್ಟಿ ತಾವ್ಕೆ ಹೋಗಿ ಸಂಜೀಕೆ ಬಂದು ನೋಡ್ತೀನಿ. ಅಲ್ಲೀಗಂಟ ಇದೇ ಕೂಗ್ತಿರ್ತೈತೆ, ನಿಮಗೆ ಮುಟ್ಟಾಗಂಟ ಬುಡಾಕಿಲ್ಲ" ಎಂದಿತ್ತು.

ರೇಣುಕಯ್ಯ ಗಟ್ಟಿಯಾಗಿ ನಕ್ಕುಬಿಟ್ಟ. ಖಾಲಿ ಆಫೀಸಿನಲ್ಲಿ ತನ್ನ ನಗು ತನಗೇ ಕೇಳಿ, ನಿಲ್ಲಿಸಲು ಹೋಗಿ, ಆಗದೆ, ಟೇಬಲ್ಲಿಗೆ ತಲೆಯಿಟ್ಟ. ಮೇಡಂ ಇದನ್ನೂ ಹೇಳಿಕೊಟ್ಟಿದ್ದರು. ಈ ತುದಿ ಮುಟ್ಟಿತು ಎನ್ನುವವರೆಗೆ ಆ ತುದಿ ತನ್ನಲ್ಲಿರುವುದನ್ನು ಬಿಡುವುದಿಲ್ಲ, ಅರ್ಧಕ್ಕೆ ಕಡಿದರೆ ಮೊದಲಿಂದ ಮತ್ತೆ ಕಳಿಸುತ್ತದೆ, ಗಂಟೆಗೊಮ್ಮೆ ಎದ್ದು ಕೂಗುತ್ತದೆ. ರೇಣುಕಯ್ಯನೇ ಬರೆದುಕೊಂಡಿದ್ದ ಪಾಠ. ಆದರೆ ಆ ತುದಿಯೂ ಆರಿದೆ ಎಂದು ಎಷ್ಟು ಗಟ್ಟಿಯಾಗಿ ನಂಬಿದ್ದನೆಂದರೆ ಪಾಠ ನೆನಪಿಗೇ ಬರಲಿಲ್ಲ. ಎಲ್ಲ ಕಡೆ ಮಡಿಯಿಂದ ಆಯುಧಗಳು ಮಲಗಿದ್ದಾಗ ಸೂತಕದ ಒಂದು ಮೆಷಿನ್ನು ಹೂವಿಲ್ಲದೆ, ಆರತಿಯಿಲ್ಲದೆ, ಬೀಗ ಹಾಕಿದ ಬಾಗಿಲ ಹಿಂದೆ ಒಂಟಿಯಾಗಿ ಎದ್ದಿತ್ತು. ಉತ್ತರ ಬರಲಿಲ್ಲವೆಂದು ಬೇಸರಿಸಿಕೊಳ್ಳದೆ, ಯಾರಾದರೂ ನೋಡಿ ನಗುತ್ತಾರೆಂದು ನಾಚದೆ, ಹೊಸಿಲಲ್ಲಿ ನಿಂತು ಮತ್ತೆ ಮತ್ತೆ ಕೂಗಿತ್ತು. ಆ ಹೆಣ್ಣು ಕೂಸು ಹುಟ್ಟಿದ ಗಳಿಗೆಗೆ ಕೈ ಮುಗಿಯಬೇಕು ಅನ್ನಿಸಿತು. ಎದೆಯ ಮೇಲಿಂದ ಏನೋ ಇಳಿದುಹೋಗಿ ಮೈಯೆಲ್ಲ ಹಗುರಾಗಿ, ಕೂತಲ್ಲೇ ನಿದ್ದೆ ಬರುವಷ್ಟು ಸುಖವಾಯಿತು.

"ಯಾರದು ಒಳಗೆ?"

ಧ್ವನಿ ಕೇಳಿದ ಮೇಲೆ ಯಾರೆಂದು ನೋಡಬೇಕಾಗಿರಲಿಲ್ಲ. ಕಾಡಸಿದ್ದಪ್ಪನವರು ಗುಡಿಗೆ ಹೋಗಿದ್ದವರು ತೆರೆದ ಬಾಗಿಲು ಕಂಡು ಬಂದಿದ್ದರು. ಕೋಣೆಯ ಬಾಗಿಲಲ್ಲಿ ನಿಂತು ಮೆಷಿನ್ನನ್ನು, ಒರೆಸಿದ ವಿಭೂತಿಯನ್ನು, ರೇಣುಕಯ್ಯನ ಒದ್ದೆ ಕಣ್ಣನ್ನು ಒಂದೊಂದಾಗಿ ನೋಡಿದರು. ರೇಣುಕಯ್ಯ ಎದ್ದು ನಿಂತ. ಒಂದು ಸುಳ್ಳು, ಧೂಳು ಒರೆಸಲು ಬಂದೆ ಎಂಬುದು, ಬಾಯಿಯವರೆಗೆ ಬಂದು ಯಾಕೋ ಅಲ್ಲಿಯೇ ನಿಂತಿತು. ಅವನು ಎಲ್ಲವನ್ನೂ ಹೇಳಿದ. ಬೆಳಿಗ್ಗೆ ಪಾವಗಡದ ಸುದ್ದಿ ಬರುತ್ತಿದ್ದಾಗಲೇ ಆರಿಸಿದ್ದು, ಅರ್ಧ ಉಳಿದದ್ದು, ಸೂತಕದಿಂದ ಅಲ್ಲಿಯ ಮೆಷಿನ್ನು ಎದ್ದಿದ್ದು, ಈಗ ಬಂದದ್ದು. ಹೇಳುವಾಗ ಮಾತು ತಡವರಿಸಲಿಲ್ಲ, ಅದೇ ಅವನಿಗೆ ಸೋಜಿಗ. ಕಾಡಸಿದ್ದಪ್ಪನವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ, ಇಂಗ್ಲಿಷ್ ಅಕ್ಷರದ ಕನ್ನಡವನ್ನು ತುಟಿಯಲ್ಲೇ ಕೂಡಿಸಿ ಓದಿದರು. ಓದಿ ಮುಗಿಸಿ ಹೊರಗೆ ಹೋಗಿ ಬೀದಿಗೆ ಕೇಳುವಂತೆ ದಾಸಣ್ಣನನ್ನು ಕೂಗಿದರು.

ದಾಸಣ್ಣ ಪಕ್ಕದ ವಠಾರದಿಂದ ಪಂಚೆ ಸುತ್ತಿಕೊಳ್ಳುತ್ತಾ ಬಂದ. ನಾಳೆ ಮದ್ದು ಪಾವಗಡಕ್ಕೆ, ಬೋರಪ್ಪನಹಟ್ಟಿಗೆ ಎಂದರು. ಬುಕ್ಕಾಪಟ್ಟಣದವರು ಕಾಯ್ಕಂಡು ಕುಂತಿರ್ತಾರಲ್ಲ ಬುದ್ಧೀ ಎಂದ ದಾಸಣ್ಣ. ಅವರ ಕುರಿ ಹುಲ್ಲು ತಿನ್ನುತ್ತಿವೆ, ಇವರ ಕುರಿ ಸಾಯುತ್ತಿವೆ, ಅವರಿಗೆ ಹೊಸ ಮದ್ದು ಬಂದಮೇಲೆ ಎಂದರು. ದಾಸಣ್ಣ ಹಾಗಾದರೆ ಕೋಳಿ ಕೂಗೋ ಮುಂಚೆಯೇ ಹೊರಡುತ್ತೇನೆ, ಮದ್ದು ಹೊಡೆಯುವ ಕಾಂಪೌಂಡರಿಗೆ ಈಗಲೇ ಹೇಳಿ ಬರುತ್ತೇನೆ ಎಂದು ಹೋದ. ಅಷ್ಟೆ. ಬೆಳಿಗ್ಗೆಯಿಂದ ರೇಣುಕಯ್ಯನ ಕುತ್ತಿಗೆ ಹಿಸುಕುತ್ತಿದ್ದದ್ದು ಎರಡು ಮಾತಿನಲ್ಲಿ ಮುಗಿದುಹೋಗಿತ್ತು. ಅವನು ಒಳಗೆ ಹೋಗಿ ಕ್ಯಾತಣ್ಣನಿಗೆ ಉತ್ತರ ಬರೆದ. ಜೀಪು ಬೆಳಗಿನ ಹೊತ್ತಿಗೆ ಬೋರಪ್ಪನಹಟ್ಟಿಯಲ್ಲಿರುತ್ತದೆ, ಕುರಿಗಳನ್ನು ಮೇವಿಗೆ ಬಿಡದೆ ದೊಡ್ಡಿಯಲ್ಲೇ ಕೂಡಿಟ್ಟುಕೊಳ್ಳಿ ಎಂದು. ಕಡೆಗೆ, ಕೂಸು ತಾಯಿ ಚೆನ್ನಾಗಿರಲಿ ಎಂದೂ ಸೇರಿಸಿದ. ಬರೆದದ್ದು ಸಾಲಿನಲ್ಲಿ ಹೋಗಿ ಕೂತಿತು. ಪಾವಗಡ ಇನ್ನೊಮ್ಮೆ ಕರೆಯುವವರೆಗೆ ಅಲ್ಲಿಯೇ ಕೂತಿರುತ್ತದೆ.

ಕಾಡಸಿದ್ದಪ್ಪನವರು ಬಾಗಿಲಲ್ಲಿ ಕೊಡೆ ಊರಿಕೊಂಡು ನಿಂತಿದ್ದರು. ಎಲ್ಲ ಆಯಿತಲ್ಲ, ಇನ್ನು ಅದನ್ನು ಆರಿಸಿ, ದೀಪ ಹಚ್ಚುವ ಹೊತ್ತು, ಜೊತೆಯಲ್ಲೇ ಹೋಗೋಣ ಎಂದರು.

"ತಾಳಿ" ಎಂದ ರೇಣುಕಯ್ಯ.

ಅಂದಮೇಲೆ ಅವನಿಗೆ ತಾನು ಅಂದದ್ದು ಕೇಳಿಸಿತು. ಮಾತನ್ನು ಮೆತ್ತಗೆ ಮಾಡಲು ಹೋಗಲಿಲ್ಲ. ಉತ್ತರ ಇನ್ನೂ ಇಲ್ಲಿಯೇ ಇದೆ, ಪಾವಗಡ ಕೊಡುವುದಿದ್ದರೂ ಇಲ್ಲದಿದ್ದರೂ ಗಂಟೆಗೊಮ್ಮೆ ಕರೆಯುತ್ತದೆ, ಕರೆದಾಗ ಕೊಟ್ಟು, ಮುಟ್ಟಿತು ಎಂದು ಅಲ್ಲಿಂದ ಬಂದಮೇಲೆ ಆರಿಸಬೇಕು, ಈಗ ಆರಿಸಿದರೆ ಕ್ಯಾತಣ್ಣ ಬೆಳಿಗ್ಗೆ ಕುರಿಗಳನ್ನು ಮೇವಿಗೆ ಬಿಟ್ಟುಬಿಡುತ್ತಾನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕಾಡಸಿದ್ದಪ್ಪನವರು ಕೇಳಿದರು. ಗಡಿಯಾರ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು, ಕೊಡೆಯನ್ನು ತೊಡೆಯ ಮೇಲೆ ಅಡ್ಡವಾಗಿಟ್ಟುಕೊಂಡು ಕೂತರು. ಇಬ್ಬರ ಕಣ್ಣೂ ಕೆಂಪು ದೀಪದ ಮೇಲಿತ್ತು.

"ಬೆಳಿಗ್ಗೇನೂ ಹಿಂಗೇ ತಾಳಿ ಅನ್ನಬಾರದಿತ್ತ ಅಯ್ನೋರೆ?" ಎಂದರು ಕಾಡಸಿದ್ದಪ್ಪನವರು, ಅವರ ಮಟ್ಟಿಗೆ ಮೆಲ್ಲಗೆ.

"ಎಲ್ಲರ ಮುಂದೆ ಬೈತಿದ್ರಿ."

"ಬೈತಿದ್ದೆ" ಎಂದರು ಅವರು. "ಬೈಕೊಂಡೇ ಹಿಂಗೇ ಕಾದು ಕೂತಿರ್ತಿದ್ದೆ."